ತಣ್ಣಗಿರುವಾಗ ಗಟ್ಟಿ

ಗುಜರಿ ಪೀಪಾಯಿಯೊಳಗೆ ಭುಜದವರೆಗೆ ಕೈ ಇಳಿಸಿ ಅಕ್ಕ ತಡಕಾಡುತ್ತಿದ್ದಳು. ತುಕ್ಕು ಹಿಡಿದ ಬೋಲ್ಟು, ಸವೆದ ಬ್ರೇಕ್ ಪ್ಯಾಡು, ಹರಿದ ಬೆಲ್ಟು, ಎಣ್ಣೆ ಕುಡಿದು ಮುದ್ದೆಯಾದ ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಂದಕ್ಕೆ ಎಸೆಯುತ್ತಿದ್ದಳು. ಒಂದು ಬೋಲ್ಟು ಗ್ಯಾರೇಜಿನ ನೆಲದ ಮೇಲೆ ಉರುಳಿಕೊಂಡು ಹೋಗಿ ತಮ್ಮನ ಚಪ್ಪಲಿಗೆ ತಾಗಿ ನಿಂತಿತು.

"ಏನು ಹುಡುಕ್ತಿದೀಯ ಅಂತ ಬಾಯಿಬಿಟ್ಟು ಹೇಳಕ್ಕ. ನಾನೇ ತೆಗೆದುಕೊಡ್ತೀನಿ."

"ನೀನು ಕೊಟ್ಟಿದ್ದೇ ಇನ್ನೂ ಅರಗಿಲ್ಲ. ಸುಮ್ನೆ ನಿಂತ್ಕೋ."

ತಳದಲ್ಲಿ ನುಣ್ಣಗಿನದೇನೋ ಕೈಗೆ ತಾಗಿತು. ಎಳೆದಳು. ಮುಷ್ಟಿಗಿಂತ ಕೊಂಚ ದೊಡ್ಡದಾದ ವಾಟರ್ ಪಂಪು. ಅಷ್ಟೆಲ್ಲ ತುಕ್ಕಿನ ನಡುವೆ ಅದೊಂದು ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ತಮ್ಮನ ಕೆಲಸದ ಮೇಜಿನ ಮೇಲೆ ಕುಕ್ಕಿದಳು. ಮೇಜಿನ ಮೇಲಿದ್ದ ಚಹಾ ಲೋಟ ತುಳುಕಿತು.

"ನನ್ನ ಗಾಡಿ ಪಂಪಲ್ಲಿ ಏನೂ ದೋಷ ಇಲ್ಲ ಅಂದ್ಯಲ್ಲ. ಸರಿಯಾಗಿರೋ ಪಂಪನ್ನ ಗುಜರಿಗೆ ಯಾಕೆ ಹಾಕ್ದೆ?"

ತಮ್ಮ ಕೈಯಲ್ಲಿದ್ದ ಸ್ಪಾನರನ್ನು ಬಟ್ಟೆಯಿಂದ ಒರೆಸತೊಡಗಿದ. ಅದು ಆಗಲೇ ಒರೆಸಿಟ್ಟಿದ್ದ ಸ್ಪಾನರು. "ಇಂಜಿನ್ ಅಷ್ಟು ಕಾದ ಮೇಲೆ ಅದನ್ನೇ ವಾಪಸ್ ಹಾಕೋದು ಬೇಡ ಅನ್ನಿಸ್ತು. ನಿನ್ನ ಒಳ್ಳೇದಕ್ಕೇ."

ಆ ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಟ್ಯಾಕ್ಸಿ ಓಡಿಸಲು ಶುರುಮಾಡಿದ ಮೇಲೆ ಹತ್ತಿ ಇಳಿಯುವವರ ಬಾಯಿಗೂ ಅದೇ ಬಂತು. ಆದರೆ ಹುಟ್ಟಿನಿಂದ ಅವಳು ಅಕ್ಕನಾಗಿದ್ದು ಈ ಒಬ್ಬನಿಗೆ. ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿ ಅವಳ ನಡಿಗೆಯೇ ಒಂದು ಕಡೆಗೆ ವಾಲಿತ್ತೆಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಇವನು ಗ್ಯಾರೇಜು ತೆರೆದಾಗ ಮೊದಲು ಗಾಡಿ ತಂದು ನಿಲ್ಲಿಸಿದವಳೂ ಅವಳೇ. ಅಂದಿನಿಂದ ಬೇರೆ ಯಾರ ಕೈಯಲ್ಲೂ ಅವಳ ಕಾರಿನ ಬಾನೆಟ್ ಎತ್ತಿಸಿರಲಿಲ್ಲ.

ಆ ಕಾರು ಈಗ ಗ್ಯಾರೇಜಿನ ಗೋಡೆಗೆ ಒರಗಿಸಿದ ಹಾಗೆ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ವಾರಗಟ್ಟಲೆಯಿಂದ ಅಲ್ಲೇ ಇತ್ತು. ವಾರದಲ್ಲಿ ಮೂರು ಸಲ ನಿವೃತ್ತ ಟೀಚರಮ್ಮನೊಬ್ಬರನ್ನು ಡಯಾಲಿಸಿಸ್‌ಗೆ ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುವುದು ಅಕ್ಕನ ಖಾಯಂ ಕೆಲಸವಾಗಿತ್ತು. ಅವತ್ತು ಮೇಲ್ಸೇತುವೆಯ ನಡುಮಧ್ಯೆ ಟೆಂಪರೇಚರಿನ ಮುಳ್ಳು ಇದ್ದಕ್ಕಿದ್ದಂತೆ ಕೆಂಪು ಗೆರೆಗೆ ಜಿಗಿಯಿತು. ಅಕ್ಕ ಕೂಡಲೇ ಗಾಡಿಯನ್ನು ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಿದಳು. ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಹಬೆ ಬರುತ್ತಿತ್ತು. ನೆರಳಿಲ್ಲದ ಸೇತುವೆ, ಎರಡೂ ಬದಿಗೆ ನಿಲ್ಲದೆ ಹೋಗುವ ಲಾರಿಗಳು, ಹಿಂದಿನ ಸೀಟಿನಲ್ಲಿ ಕಾಲು ಬಾತುಕೊಂಡು ಏದುಸಿರು ಬಿಡುತ್ತಿದ್ದ ಟೀಚರಮ್ಮ. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಅವರ ಸರದಿ ತಪ್ಪಿಹೋಗಿತ್ತು. ಆ ರಾತ್ರಿ ಅವರನ್ನು ತುರ್ತು ವಿಭಾಗಕ್ಕೆ ಸೇರಿಸಬೇಕಾಯಿತು.

ಅವರ ಮಗ ಮಾರನೇ ದಿನ ಗ್ಯಾರೇಜಿಗೇ ಬಂದಿದ್ದ. ಅಕ್ಕನ ಗಂಡನೂ ಅಲ್ಲೇ ನಿಂತಿದ್ದ. "ಏನಾಗಿತ್ತು ಗಾಡಿಗೆ?" ಎಂದು ಮಗ ಕೇಳಿದ್ದಕ್ಕೆ ತಮ್ಮ ನಕ್ಕುಬಿಟ್ಟಿದ್ದ. "ಗಾಡಿಗೆ ಏನೂ ಇಲ್ಲ ಸರ್. ಪಂಪ್ ನಾನೇ ಹೊಸದು ಹಾಕಿದ್ದೆ. ನಮ್ಮಕ್ಕ ಮಾತಿಗೆ ಕೂತ್ರೆ ಲೋಕ ಮರೀತಾಳೆ. ಮುಳ್ಳು ಮೇಲೇರಿ ಎಷ್ಟು ಹೊತ್ತಾಗಿತ್ತೋ, ನೋಡಿರಲ್ಲ."

ಆ ನಗುವೇ ಅಕ್ಕನ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿದ್ದು. ಮಗ ಬೇರೆ ಡ್ರೈವರನ್ನು ಗೊತ್ತುಮಾಡಿಕೊಂಡ. ಗಂಡ ಮನೆಗೆ ಬಂದವನೇ, "ನಿನ್ನ ಒಡಹುಟ್ಟಿದವನೇ ಹೇಳ್ತಿದಾನೆ, ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ? ಓಡಿಸಿದ್ದು ಸಾಕು, ಬಿಟ್ಟುಬಿಡು" ಎಂದ. ಅಕ್ಕ ಎಷ್ಟು ಹೇಳಿದರೂ ಎಲ್ಲರದ್ದೂ ಒಂದೇ ರಾಗ. ಸಮಾಧಾನ ಮಾಡ್ಕೋ. ತಣ್ಣಗಿರು. ಆಗಿದ್ದು ಆಯ್ತು.

"ಪರೀಕ್ಷೆ ಮಾಡು," ಎಂದಳು ಈಗ, ಪಂಪನ್ನು ತಮ್ಮನತ್ತ ತಳ್ಳಿ. "ನನ್ನ ಕಣ್ಣೆದುರಿಗೆ ಮಾಡು. ದೋಷ ಇಲ್ಲ ಅಂತಾದ್ರೆ ಇವತ್ತೇ ಕಾರು ಮಾರಿಬಿಡ್ತೀನಿ, ಮತ್ತೆ ಸ್ಟೇರಿಂಗ್ ಮುಟ್ಟಲ್ಲ."

ತಮ್ಮ ಉಸ್ಸೆಂದ. ಒಳಗಡೆ ಕಟ್ಟೆಯ ಮೇಲೆ ಕುಳಿತು ಬಂದ ಸಾಮಾನು ಜೋಡಿಸುತ್ತಿದ್ದ ಅವನ ಹೆಂಡತಿ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು. ಮಾತು ಕಡಿಮೆಯ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಅಕ್ಕ ಅವಳನ್ನು ಬೆನ್ನ ಹಿಂದೆ 'ಮೂಗಿ' ಎಂದೇ ಕರೆಯುತ್ತಿದ್ದಳು. ಅದು ಅವಳ ಕಿವಿಗೆ ಬಿದ್ದಿಲ್ಲವೆಂದೇನೂ ಇಲ್ಲ.

ತಮ್ಮ ಪಂಪನ್ನು ತೊಳೆದ. ಬೆಲ್ಟು ಸುತ್ತುವ ಹೊರಗಿನ ಚಕ್ರವನ್ನು, ಪುಲ್ಲಿಯನ್ನು, ಹಿಡಿದು ತಿರುಗಿಸಿದ. ಬೇರಿಂಗು ಸದ್ದಿಲ್ಲದೆ ಎಣ್ಣೆಯಲ್ಲಿ ಜಾರಿದ ಹಾಗೆ ತಿರುಗಿತು. ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ನೀರು ಸೋರಿದರೆ ಹೊರಗೆ ಬರಲೆಂದು ಬಿಟ್ಟಿರುವ ಸಣ್ಣ ತೂತನ್ನು ತೋರಿಸಿದ, ಅಲ್ಲಿ ಕಲೆಯಿರಲಿಲ್ಲ. ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ.

"ಇನ್ನೊಂದು ಉಳೀತು," ಎಂದಳು ಅಕ್ಕ. "ಒಳಗಿನ ರೆಕ್ಕೆ." ಪಂಪಿನ ಹಿಂದೆ, ಇಂಜಿನ್ನಿನೊಳಗೆ ಕೂತು ನೀರನ್ನು ತಳ್ಳುವ ಪ್ಲಾಸ್ಟಿಕ್ಕಿನ ಸಣ್ಣ ರೆಕ್ಕೆಚಕ್ರ ಅದು. ಪುಲ್ಲಿ ತಿರುಗಿದರೆ ಅದೂ ತಿರುಗಬೇಕು. ಇಲ್ಲದಿದ್ದರೆ ಹೊರಗಡೆ ಎಲ್ಲ ಓಡುತ್ತಿದ್ದರೂ ಒಳಗೆ ನೀರು ನಿಂತಲ್ಲೇ ನಿಂತು ಕುದಿಯುತ್ತದೆ.

ತಮ್ಮ ಪುಲ್ಲಿಯನ್ನು ಮೇಜಿಗೆ ಕೂರಿಸಿದ್ದ ಇಕ್ಕಳದಂಥ ವೈಸಿನ ಹಲ್ಲುಗಳ ನಡುವೆ ಕಚ್ಚಿಸಿ ಬಿಗಿಮಾಡಿದ. "ಬಾ, ನೀನೇ ತಿರುಗಿಸು."

ಅಕ್ಕ ರೆಕ್ಕೆಯನ್ನು ಹಿಡಿದು ಬಲವೆಲ್ಲ ಹಾಕಿ ತಿರುಚಿದಳು. ಬೆರಳಿನ ಚರ್ಮ ಕಿತ್ತುಬಂತೇ ಹೊರತು ರೆಕ್ಕೆ ಜಪ್ಪಯ್ಯ ಎನ್ನಲಿಲ್ಲ.

"ಆಯ್ತಾ?" ತಮ್ಮನ ದನಿಯಲ್ಲಿ ಈಗ ಹುರುಪು. "ಕಲ್ಲಿನ ಹಾಗಿದೆ. ನಾನು ಯಾವತ್ತಾದ್ರೂ ನಿನ್ನ ಮೇಲೆ ಕೂಗಾಡಿದೀನಾ? ತಪ್ಪು ಎಲ್ಲರಿಗೂ ಆಗುತ್ತೆ, ಅದನ್ನ ಒಪ್ಕೊಂಡ್ರೆ ಮುಗೀತು. ನೀನು ಮಾತ್ರ ಮೈಮೇಲೆ ಬಂದವರ ಹಾಗೆ ಆಡ್ತೀಯ."

ಅಕ್ಕ ಕಿತ್ತ ಬೆರಳನ್ನು ಸೀರೆಯ ಸೆರಗಿನಲ್ಲಿ ಒತ್ತಿ ಹಿಡಿದು ನಿಂತಳು. ಹಾಗಾದರೆ ನಿಜವಾಗಿ ತಾನೇ ನೋಡಲಿಲ್ಲವೇ? ಟೀಚರಮ್ಮ ಅವತ್ತು ಏನೋ ಹಳೇ ಕತೆ ಹೇಳುತ್ತಿದ್ದರು. ತಾನು ನಗುತ್ತಿದ್ದೆ. ಎಷ್ಟು ಹೊತ್ತು ನಗುತ್ತಿದ್ದೆ?

"ಬಿಸಿನೀರಲ್ಲಿ ಹಾಕಿ ನೋಡಿ, ಅತ್ತಿಗೆ."

ಮೂಗಿ. ಕಟ್ಟೆಯ ಮೇಲಿಂದ ಇಳಿದು ಬಂದು ನಿಂತಿದ್ದಳು.

"ನಿನಗ್ಯಾಕೆ ಇದೆಲ್ಲ? ಒಳಗೆ ಹೋಗು," ಎಂದ ತಮ್ಮ. ಅವನ ದನಿ ಒಡೆದಿತ್ತು.

ಅವಳು ಒಳಗೆ ಹೋದಳು. ಹೋಗಿ, ಚಹಾ ಕಾಯಿಸುವ ಸ್ಟವ್ವಿನ ಮೇಲೆ ಪಾತ್ರೆಯಿಟ್ಟು ನೀರು ಸುರಿದಳು. ಉರಿ ದೊಡ್ಡದು ಮಾಡಿದಳು. ನೀರು ಕುದಿ ಬಂತು. ಅವಳು ಪಂಪನ್ನು ಕುದಿಯುವ ನೀರಿಗೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಇಕ್ಕಳದಿಂದ ಎತ್ತಿ, ತಾನೇ ವೈಸಿಗೆ ಕಚ್ಚಿಸಿದಳು. ದಪ್ಪ ಬಟ್ಟೆಯೊಂದನ್ನು ಅಕ್ಕನ ಕೈಗೆ ಕೊಟ್ಟಳು.

ಅಕ್ಕ ಬಟ್ಟೆಯ ಮೇಲಿಂದ ರೆಕ್ಕೆಯನ್ನು ಹಿಡಿದು ತಿರುಗಿಸಿದಳು. ಅದು ಸರಾಗವಾಗಿ, ಬಾಟಲಿಯ ಸಡಿಲ ಮುಚ್ಚಳದ ಹಾಗೆ ಸುತ್ತಿತು. ಇನ್ನೊಮ್ಮೆ ತಿರುಗಿಸಿದಳು. ಮತ್ತೂ ಸುತ್ತಿತು. ಪುಲ್ಲಿ ವೈಸಿನಲ್ಲಿ ಇದ್ದಲ್ಲೇ ಇತ್ತು. ಬಿಸಿಗೆ ಪ್ಲಾಸ್ಟಿಕ್ಕು ಹಿಗ್ಗಿ ಹಿಡಿತ ಬಿಟ್ಟಿತ್ತು.

ಅಕ್ಕ ತಮ್ಮನತ್ತ ನೋಡಲಿಲ್ಲ. ಅವನ ಹೆಂಡತಿಯನ್ನು ನೋಡಿದಳು. "ಇದು ನಿನಗೆ ಹೇಗೆ ಗೊತ್ತಾಯ್ತು?"

ಅವಳು ಗಂಡನ ಕಡೆಗೊಮ್ಮೆ ಕಣ್ಣು ಹಾಯಿಸಿ ಹೇಳಿದಳು. "ನಿಮ್ಮ ಗಾಡಿ ನಿಲ್ಲೋಕೆ ಸ್ವಲ್ಪ ದಿನ ಮುಂಚೆ ಹಾಲಿನ ವ್ಯಾನಿನವರು ಬಂದಿದ್ರು. ಅದಕ್ಕೂ ಇದೇ ಪಂಪ್. ಇವರು ಹೀಗೇ ಬಿಸಿನೀರಿಗೆ ಹಾಕಿ ನೋಡಿ, ಬೇರೆ ಹಾಕಿಕೊಟ್ರು."

ಗ್ಯಾರೇಜಿನ ತಗಡಿನ ಮೇಲೆ ಯಾವುದೋ ಹಕ್ಕಿ ಕೆರೆಯುವ ಸದ್ದು ಕೇಳಿಸುತ್ತಿತ್ತು.

"ನಿನಗೆ ಗೊತ್ತಿತ್ತು," ಎಂದಳು ಅಕ್ಕ.

"ಅಕ್ಕ, ಒಂದು ನಿಮಿಷ ಕೇಳು. ಆ ವ್ಯಾನಿಂದು ಒಂದೇ ಹಾಳಾಗಿರಬೇಕು ಅಂದ್ಕೊಂಡೆ. ನಿನ್ನ ಗಾಡಿ ಚೆನ್ನಾಗೇ ಓಡ್ತಿತ್ತು. ಮುಂದಿನ ಸಲ ಸರ್ವಿಸ್‌ಗೆ ಬಂದಾಗ ನೋಡೋಣ ಅಂತ..."

"ಗಾಡಿ ನಿಂತ ಮೇಲೆ? ಆಗ್ಲೂ ಅಂದ್ಕೊಳ್ತಾನೇ ಇದ್ಯಾ?"

"ಆ ಟೀಚರಮ್ಮನ ಮಗ ಎದುರಿಗೆ ನಿಂತಿದ್ದ. ಆಸ್ಪತ್ರೆ ಅಂತಿದ್ದ, ಏನೇನೋ ಅಂತಿದ್ದ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಹೇಳಿದ ಮೇಲೆ ಹೇಗೆ ವಾಪಸ್ ತಗೊಳ್ಳೋದು? ನನ್ನ ಗ್ಯಾರೇಜಿನ ಹೆಸರು..."

"ನಿನ್ನ ಗ್ಯಾರೇಜಿನ ಹೆಸರು ಉಳಿಸೋಕೆ ನನ್ನ ತಲೆ ಮೇಲೆ ಗೂಬೆ ಕೂರಿಸ್ದೆ." ಅಕ್ಕನ ದನಿ ಏರಲಿಲ್ಲ. ಅದಕ್ಕೇ ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಗ್ತಾ ಕೂರಿಸ್ದೆ. ನಾನು ದಿನಾ ಮಲಗೋವಾಗ ನನ್ನನ್ನೇ ಕೇಳ್ಕೊಳ್ತಿದ್ದೆ, ಮುಳ್ಳು ನೋಡಿದ್ನಾ ಇಲ್ವಾ ಅಂತ. ನೋಡಿದ್ದು ಗೊತ್ತು. ಆದ್ರೂ ನೋಡಿಲ್ವೇನೋ ಅನ್ನಿಸೋ ಹಾಗೆ ಮಾಡಿಬಿಟ್ಟೆ ನೀನು. ಈಗಷ್ಟೇ, ಈ ಮೇಜಿನ ಹತ್ತಿರ ನಿಂತು, ನಾನೇ ತಪ್ಪು ಅಂತ ಒಪ್ಪೋಕೆ ಹೊರಟಿದ್ದೆ. ನೋಡ್ತಾ ನಿಂತಿದ್ದೆ ಅಲ್ವಾ ನೀನು?"

"ಬಿಡಕ್ಕ. ನಿಂದೇ ಸರಿ. ನಿನ್ನ ಇಂಜಿನ್ ಹೆಡ್ ಬಿಚ್ಚಿ, ಗ್ಯಾಸ್ಕೆಟ್ ಹಾಕಿ, ಎಲ್ಲ ರಿಪೇರಿ ಮಾಡಿಕೊಡ್ತೀನಿ. ಸಮಾಧಾನ ಮಾಡ್ಕೋ."

"ಆ ಮಾತು ಇನ್ನೊಂದು ಸಲ ನಿನ್ನ ಬಾಯಲ್ಲಿ ಬಂದ್ರೆ ಈ ವೈಸಲ್ಲಿ ಕಚ್ಚಿಸೋದು ಪಂಪನ್ನಲ್ಲ."

ತಮ್ಮನ ಹೆಂಡತಿ ನಗು ಮರೆಸಲು ಸಟಕ್ಕನೆ ಮುಖ ಆಚೆ ತಿರುಗಿಸಿಕೊಂಡಳು. ಅಕ್ಕ ಪಂಪಿನ ಮೇಲೆ ಕೈಯಿಟ್ಟಳು. ಇನ್ನೂ ಬಿಸಿಯಿತ್ತು. ಆಗ ಹೊಳೆಯಿತು.

"ಇನ್ಯಾರ ಗಾಡಿಗೆ ಹಾಕಿದೀಯ ಇದನ್ನ?"

ಅವನು ಮತ್ತೆ ಸ್ಪಾನರು ಕೈಗೆತ್ತಿಕೊಂಡ.

"ಕೇಳಿದ್ದು ನಿನ್ನನ್ನೇ."

"ಔಷಧಿ ಅಂಗಡಿಯವನದು ಒಂದು. ನಿನ್ನ ಥರದ್ದೇ ಗಾಡಿ."

"ಎಲ್ಲಿದಾನೆ ಅವನು?"

"ಅಂಗಡಿ ಮುಚ್ಚಿತ್ತು ಬೆಳಿಗ್ಗೆ," ಎಂದಳು ತಮ್ಮನ ಹೆಂಡತಿ. "ಹೆಂಡತಿ, ಮಗು ಕರ್ಕೊಂಡು ಬೆಟ್ಟದ ಆಚೆ ಮಾವನ ಮನೆಗೆ ಹೋಗ್ತೀನಿ ಅಂತಿದ್ದ."

"ಫೋನ್ ಮಾಡು."

"ಅಕ್ಕ, ಏನಂತ ಹೇಳ್ಲಿ..."

"ಫೋನ್ ಮಾಡು ಅಂದೆ!"

ಈ ಸಲ ಅವಳ ಕೂಗಿಗೆ ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನೋಡಿದರು. ತಮ್ಮ ಫೋನ್ ತೆಗೆದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಅಕ್ಕ ಅವನ ಎದುರಿಗೇ ನಿಂತಿದ್ದಳು. ಅವನ ಹಣೆಯ ಬೆವರು ಹುಬ್ಬಿನ ಮೇಲೆ ಇಳಿಯುತ್ತಿದ್ದುದನ್ನು ನೋಡುತ್ತ ಅವಳಿಗೆ ಕನಿಕರ ಬರಲಿಲ್ಲ. ಬೆಟ್ಟದ ದಾರಿಯ ತಿರುವುಗಳು, ತುಂಬಿದ ಗಾಡಿ, ಹಿಂದಿನ ಸೀಟಿನಲ್ಲಿ ಮಗು. ಮೂರನೇ ಸಲಕ್ಕೆ ಆ ಕಡೆ ಹೆಂಗಸಿನ ದನಿ ಕೇಳಿಸಿತು. ತಮ್ಮ, "ಅದು... ಮೇಡಂ... ಒಂದು ಸಣ್ಣ ವಿಷಯ..." ಎಂದು ತೊದಲುತ್ತಿದ್ದಂತೆ ಅಕ್ಕ ಫೋನ್ ಕಿತ್ತುಕೊಂಡಳು.

"ಎಲ್ಲಿದೀರಮ್ಮ? ... ಬೆಟ್ಟದ ಬುಡದಲ್ಲೇ? ಚಹಾ ಕುಡೀತಿದೀರಾ? ಕುಡೀರಿ, ಇನ್ನೊಂದು ಲೋಟ ಕುಡೀರಿ. ಗಾಡಿ ಮಾತ್ರ ಸ್ಟಾರ್ಟ್ ಮಾಡ್ಬೇಡಿ. ನೀರಿನ ಪಂಪ್ ಸರಿಯಿಲ್ಲ, ಬಿಸಿಯಾದ್ರೆ ಕೈ ಕೊಡುತ್ತೆ. ಬಾನೆಟ್ ಎತ್ತಬಹುದು, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಮುಖಕ್ಕೆ ಚಿಮ್ಮುತ್ತೆ. ಮಗುವನ್ನ ನೆರಳಲ್ಲಿ ಕೂರಿಸಿ. ನಾವು ಹೊರಟ್ವಿ. ... ಯಾರ ತಪ್ಪಾ? ಬಂದು ಅವನೇ ಹೇಳ್ತಾನೆ."

ಗ್ಯಾರೇಜಿನ ಹಳೇ ವ್ಯಾನಿನ ಕೀಲಿ ಮೊಳೆಗೆ ತೂಗುತ್ತಿತ್ತು. ತಮ್ಮ ಕೈ ಚಾಚುವ ಮೊದಲೇ ಅಕ್ಕ ಅದನ್ನು ತೆಗೆದುಕೊಂಡಳು. "ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಮುಳ್ಳು ನೋಡ್ತಿರು."

ಹೊಸ ಪಂಪಿಗೆಂದು ವ್ಯಾನು ಮೊದಲು ನಿಂತಿದ್ದು ಬಿಡಿಭಾಗದ ಅಂಗಡಿಯೆದುರು. ಅಂಗಡಿಯವನು ಇವಳು ಒಳಗೆ ಬಂದ ಠೀವಿಗೇ ಅರ್ಧ ಎದ್ದು ನಿಂತ. ಪಂಪು ಕೇಳಿದ್ದಕ್ಕೆ ಒಂದು ಡಬ್ಬಿ ಮುಂದಿಟ್ಟ. ಅಕ್ಕ ಬಿಚ್ಚಿ, ಪುಲ್ಲಿ ಅಲ್ಲಾಡಿಸಿ, ಅವನ ಕಡೆಗೇ ತಳ್ಳಿದಳು. "ಹೊಸದರಲ್ಲೇ ಹಲ್ಲು ಅಲುಗ್ತಿದೆ." ಎರಡನೆಯದನ್ನು ತೆಗೆದು ಹಿಂದೆ ತಿರುಗಿಸಿ ನೋಡಿದಳು. "ಇದು ಅದೇ ಪ್ಲಾಸ್ಟಿಕ್ ದರಿದ್ರ. ಇದನ್ನ ಯಾರಿಗೂ ಕೊಡ್ಬೇಡ."

"ಅಸಲಿದು ತರಿಸೋಕೆ ವಾರ ಆಗುತ್ತೆ ಅಂತ ಅವತ್ತೇ ಹೇಳಿದ್ದೆ ಅಕ್ಕ. ನಿಮ್ಮ ತಮ್ಮನೇ, ಕಾಯೋಕಾಗಲ್ಲ, ಇರೋದನ್ನ ಕೊಡು ಅಂದಿದ್ದು. ಈಗ ಬಂದಿದೆ ನೋಡಿ," ಎಂದು ಅವನು ಮೇಲಿನ ಅಟ್ಟದಿಂದ ಇನ್ನೊಂದು ಡಬ್ಬಿ ಇಳಿಸಿದ.

ಅದರ ರೆಕ್ಕೆ ಎರಕದ ಕಬ್ಬಿಣದ್ದು. ಕೈಗೆ ಭಾರ ಬಂತು. ಅಕ್ಕ ತಿರುಗಿಸಿದಳು, ಕಿವಿಯ ಹತ್ತಿರ ಹಿಡಿದು ಕೇಳಿದಳು, ಸೀಲಿನ ಸುತ್ತ ಉಗುರಾಡಿಸಿದಳು. ಆಮೇಲೆ ಮೂಲೆಯಲ್ಲಿದ್ದ ಕರೆಂಟಿನ ಕೆಟಲನ್ನು ತೋರಿಸಿದಳು.

"ನೀರು ಕಾಯಿಸು."

"ಅಕ್ಕ, ಇದು ಅಂಗಡಿ, ಹೋಟ್ಲಲ್ಲ!"

"ಹೋಟ್ಲಲ್ಲಾದ್ರೆ ರುಚಿ ನೋಡದೆ ನುಂಗ್ತಿದ್ದೆ. ಕಾಯಿಸು."

ಕಾಯಿಸಿದ. ಬೋಗುಣಿಯಲ್ಲಿ ಸುರಿದು ಪಂಪನ್ನು ಮುಳುಗಿಸಿದರು. ತೆಗೆದು, ಪುಲ್ಲಿಯನ್ನು ತಮ್ಮನ ಕೈಗೆ ಕೊಟ್ಟು, ರೆಕ್ಕೆಯನ್ನು ಅಕ್ಕ ಹಿಡಿದಳು. ಗಿರಾಕಿಗಳು ಸುತ್ತ ನಿಂತು ನೋಡುತ್ತಿದ್ದ ಹಾಗೆ ಅಕ್ಕ ತಮ್ಮ ಇಬ್ಬರೂ ಒಬ್ಬರಿಗೊಬ್ಬರು ವಿರುದ್ಧವಾಗಿ ಹಲ್ಲು ಕಚ್ಚಿ ತಿರುಚಿದರು. ಜಾರಲಿಲ್ಲ. ಬಿಟ್ಟಾಗ ಇಬ್ಬರ ಅಂಗೈಗಳೂ ಕೆಂಪಾಗಿದ್ದವು.

ಊರು ಮುಗಿಯುವವರೆಗೆ ಗೇರು ಹಾಕುವಾಗಲೆಲ್ಲ ವ್ಯಾನು ಅವಳ ಸಿಟ್ಟನ್ನು ಹೇಳುತ್ತಿತ್ತು.

"ಟೀಚರಮ್ಮನ ಮಗನಿಗೆ ಮಾಡು," ಎಂದಳು ಕೊನೆಗೆ.

"ಈಗಲೇನಾ?"

ಅವಳು ತಿರುಗಿ ನೋಡಲಿಲ್ಲ. ಅವನು ಮಾಡಿದ. ಸ್ಪೀಕರಿಗೆ ಹಾಕು ಎಂದು ಅವಳು ಹೇಳಲಿಲ್ಲ, ಅವನೇ ಹಾಕಿದ. ಎಲ್ಲವನ್ನೂ ಹೇಳಿದ, ಹಾಲಿನ ವ್ಯಾನಿನ ವಿಷಯ, ಬಿಸಿನೀರಿನ ವಿಷಯ, ತಾನು ಸುಳ್ಳು ಹೇಳಿದ್ದು.

"ನಮ್ಮಮ್ಮ ಅವತ್ತಿಂದ ಹೇಳ್ತಾನೇ ಇದಾರೆ, ಅವಳು ಕೂಡಲೇ ನಿಲ್ಲಿಸಿದ್ಲು ಅಂತ," ಎಂದ ಮಗ. "ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು. ಆದ್ರೆ ಈಗ ಬೇರೆಯವರು ಬರ್ತಿದಾರೆ, ಅಮ್ಮನಿಗೂ ಅಭ್ಯಾಸ ಆಗ್ತಿದೆ. ಅವರನ್ನ ಸುಮ್ನೆ ಬಿಡಿಸೋಕೆ ಆಗಲ್ಲ. ನಿಮ್ಮಕ್ಕನಿಗೆ ಹೇಳಿ."

ಫೋನ್ ನಿಂತಿತು. "ಅಕ್ಕ..." ಎಂದ ತಮ್ಮ.

"ಭಾವನಿಗೂ ಮಾಡು."

ಅದನ್ನೂ ಮಾಡಿದ. ಅಕ್ಕನ ಗಂಡ ಕೇಳಿ, "ಓಹೋ, ಹಾಗಾ? ಸರಿ ಬಿಡು, ಈಗಲಾದ್ರೂ ಸಮಾಧಾನ ಆಯ್ತಲ್ಲ ಅವಳಿಗೆ" ಎಂದ. ಅಕ್ಕ ಕೈಚಾಚಿ ಆ ಫೋನನ್ನು ತಾನೇ ಕಟ್ ಮಾಡಿದಳು. ಹಾರ್ನಿನ ಮೇಲೆ ಅಂಗೈ ಒತ್ತಿ, ಎದುರಿಗೆ ಯಾರೂ ಇಲ್ಲದ ರಸ್ತೆಯಲ್ಲಿ ಉದ್ದಕ್ಕೆ ಬಾರಿಸಿದಳು.

ಬೆಟ್ಟದ ಬುಡದಲ್ಲಿ ಚಹಾ ಅಂಗಡಿಯ ಪಕ್ಕ ಔಷಧಿ ಅಂಗಡಿಯವನ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಅವನು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ತಮ್ಮ ವ್ಯಾನಿನಿಂದಿಳಿದು ನೇರ ಅವನ ಬಳಿ ಹೋದ. ಏನು ಹೇಳಿದನೋ, ಅಕ್ಕನಿಗೆ ಕೇಳಿಸಲಿಲ್ಲ. ಔಷಧಿ ಅಂಗಡಿಯವನ ಬೈಗುಳ ಮಾತ್ರ ರಸ್ತೆಯವರೆಗೂ ಕೇಳಿಸಿತು. ತಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಇಂಜಿನ್ ತಣಿಯುವವರೆಗೆ ಕಾದು, ಕಾರಿನ ಕೆಳಗೆ ಗೋಣಿ ಹಾಸಿ ಮಲಗಿದ. ಔಷಧಿ ಅಂಗಡಿಯವನ ಹೆಂಡತಿ ಬೆಂಚಿನ ಮೇಲೆ ಮಗುವನ್ನು ಮಲಗಿಸಿಕೊಂಡು ಕುಳಿತಿದ್ದಳು. "ನೀವು ಫೋನ್ ಮಾಡದೇ ಇದ್ದಿದ್ರೆ?" ಎಂದು ಕೇಳಿದಳು. ಅಕ್ಕ ಮಗುವಿನ ಮೇಲೆ ಕೂತ ನೊಣವನ್ನು ಓಡಿಸಿದಳು.

ಹೊಸ ಪಂಪು ಕೂತು, ಬೆಲ್ಟು ಬಿಗಿದು, ನೀರು ತುಂಬಿ, ಇಂಜಿನ್ ಓಡಿಸಿ ನೋಡುವಷ್ಟರಲ್ಲಿ ಬಿಸಿಲು ಬಾಗಿತ್ತು. ಅಕ್ಕ ಕಾರಿನೊಳಗೆ ಕುಳಿತು ಬಹಳ ಹೊತ್ತು ಇಂಜಿನ್ನನ್ನು ಓಡಿಸಿಯೇ ಓಡಿಸಿದಳು. ಸಾಕೆನಿಸಿದ ಮೇಲೆ ಇಳಿದು, "ಹೋಗಿ ಬನ್ನಿ" ಎಂದಳು. ಕಾರು ಬೆಟ್ಟದ ಮೊದಲ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಳು.

ತಮ್ಮ ರಸ್ತೆಯಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮೊಣಕೈವರೆಗೂ ಗ್ರೀಸು. ಚಹಾ ಅಂಗಡಿಯವನು ಕೊಟ್ಟ ಸೋಪಿನ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ನೀರಿನ ಕ್ಯಾನಿನ ಕಡೆ ನೋಡಿದ. ಎರಡೂ ಕೈ ಎಣ್ಣೆಯಾಗಿದ್ದವು. ಅಕ್ಕನನ್ನು ಕರೆಯಲಿಲ್ಲ.

ಅಕ್ಕ ಕ್ಯಾನು ಎತ್ತಿದಳು. ಒಮ್ಮೆಲೇ ಬಗ್ಗಿಸಿದ್ದಕ್ಕೆ ನೀರು ಅವನ ಕೈ ತಪ್ಪಿ ಮೊಣಕಾಲಿನ ಮೇಲೆ, ಅಂಗಿಯ ಮೇಲೆಲ್ಲ ಚೆಲ್ಲಿತು. ಅವನು ಕೈಗಳನ್ನು ಹಾಗೇ ಚಾಚಿಕೊಂಡಿದ್ದ. ಅವಳು ರಸ್ತೆಯಾಚೆಗೆ ನೋಡುತ್ತ, ಕ್ಯಾನನ್ನು ಸ್ವಲ್ಪ ಮೇಲಕ್ಕೆ ಓರೆಮಾಡಿದಳು. ನೀರು ಸಣ್ಣ ಧಾರೆಯಾಗಿ ಬೀಳತೊಡಗಿತು. ಅವನು ಉಜ್ಜಿದ ಹಾಗೆಲ್ಲ ಕಪ್ಪು ನೊರೆ ಬೆರಳ ಸಂದಿಯಿಂದ ಇಳಿದು, ಮಣ್ಣಿನಲ್ಲಿ ದಾರಿ ಮಾಡಿಕೊಂಡು ಚರಂಡಿಯ ಕಡೆಗೆ ಹರಿಯಿತು.

"ಇನ್ನೂ ಸ್ವಲ್ಪ," ಎಂದ ಅವನು.

ಅವಳು ಸುರಿದಳು.